ತಂಗಿಯ ಎಡಗಣ್ಣು ಮಂಜು, ಓಸಿಟಿ ರಿಪೋರ್ಟ್ ಕೈಯಲ್ಲಿದೆ. ಯಾವ ಸೋಂಕು ಅಂತ ಇದರಲ್ಲಿ ಗೊತ್ತಾಗುತ್ತಾ?

ಹೊಸನಗರದ ತೋಟದವ · ಅಕ್ಟೋಬರ್ 6, ರಾತ್ರಿ 9.15

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ತಂಗಿಗೆ 29 ವರ್ಷ. ಸೆಪ್ಟೆಂಬರ್ ಮಧ್ಯದಲ್ಲಿ ನಾಲ್ಕೈದು ದಿನ ಜ್ವರ ಬಂದಿತ್ತು. ಮಳೆಗಾಲದ ಜ್ವರ ಅಂತ ಪ್ಯಾರಾಸಿಟಮಾಲ್ ಕೊಟ್ಟು ಸುಮ್ಮನಾದೆವು. ಜ್ವರ ಬಿಟ್ಟು ಹತ್ತು ದಿನ ಆಗಿತ್ತು, ಒಂದು ಬೆಳಗ್ಗೆ ಅಕ್ಕಿ ಆರಿಸುತ್ತಾ ಕೂತವಳು ಎಡಗಣ್ಣಿನ ನಡುವೆ ಹೊಗೆ ಕೂತ ಹಾಗಿದೆ ಅಂದಳು. ಹತ್ತಿರದಲ್ಲೇ ಒಂದು ಕಡೆ ತೋರಿಸಿದೆವು. ಕಣ್ಣು ಕೆಂಪಾಗಿಲ್ಲ, ಏನೂ ಇಲ್ಲ ಅಂತ ಡ್ರಾಪ್ಸ್ ಕೊಟ್ಟು ಕಳಿಸಿದರು. ಅದರಲ್ಲೇ ಐದು ದಿನ ಹೋಯಿತು, ಮಂಜು ಜಾಸ್ತಿಯೇ ಆಯಿತು. ಇವತ್ತು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದೆ. ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ನೋಡಿದರು, ಫೋಟೋ ತೆಗೆದರು, ಓಸಿಟಿ ಅನ್ನುವ ಕಣ್ಣಿನ ಸ್ಕ್ಯಾನ್ ಮಾಡಿದರು. ಕಣ್ಣಿನ ನರದ ತುದಿ ಊದಿಕೊಂಡಿದೆ, ಸೋಂಕಿನಿಂದ ಇರಬಹುದು, ರಕ್ತದ ರಿಪೋರ್ಟ್ ಬರುವವರೆಗೆ ಸ್ಟೀರಾಯ್ಡ್ ಕೊಡುವುದಿಲ್ಲ ಅಂದರು. ಜನ ಸಿಕ್ಕಾಪಟ್ಟೆ ಇದ್ದರು, ಜಾಸ್ತಿ ಕೇಳಲು ಆಗಲಿಲ್ಲ.

ರಿಪೋರ್ಟಿನಲ್ಲಿ ಆರ್‌ಎನ್‌ಎಫ್‌ಎಲ್ ಸರಾಸರಿ ಬಲಗಣ್ಣಿಗೆ 99, ಎಡಗಣ್ಣಿಗೆ 187 ಅಂತ ಇದೆ. ಎಡಗಣ್ಣಿನ ಚಿತ್ರದಲ್ಲಿ ಕೆಂಪು ಬಣ್ಣ ಎಲ್ಲೂ ಇಲ್ಲ, ಬಹುಪಾಲು ಬಿಳಿ. ಕೆಂಪು ಇಲ್ಲ ಅಂದಮೇಲೆ ಚೆನ್ನಾಗಿದೆ ಅಂತ ಅಲ್ವಾ? ಇಷ್ಟು ದೊಡ್ಡ ಮೆಷಿನ್ನಿನಲ್ಲಿ ನೋಡಿದಮೇಲೂ ಯಾವ ಸೋಂಕು ಅಂತ ಯಾಕೆ ಹೇಳಲಿಲ್ಲ? ಸ್ಟೀರಾಯ್ಡ್ ತಡ ಆದರೆ ಕಣ್ಣು ಹೋಗುತ್ತದೆ ಅಂತ ಚಿಕ್ಕಪ್ಪ ಹೆದರಿಸುತ್ತಿದ್ದಾರೆ. ಗೊತ್ತಿದ್ದವರು ಹೇಳಿ.

ಸಾಗರದ ಭಾವ · ರಾತ್ರಿ 9.40

ನಂದಿಬಟ್ಟಲು ಹೂವಿನ ರಸ ಎರಡು ಹನಿ ಬಿಟ್ಟು ನೋಡಿ. ನಮ್ಮ ಅಜ್ಜಿ ಎಲ್ಲಾ ಕಣ್ಣಿಗೂ ಅದನ್ನೇ ಬಿಡುತ್ತಿದ್ದರು, 90 ವರ್ಷ ಕನ್ನಡಕ ಇಲ್ಲದೆ ಪಂಚಾಂಗ ಓದಿದರು.

ಸ್ಕ್ಯಾನ್ ರೂಮಿನವನು · ರಾತ್ರಿ 10.05

ಭಾವ, ಅಜ್ಜಿಗೆ ನಮಸ್ಕಾರ, ಆದರೆ ಇದು ಕಣ್ಣಿನ ಹೊರಗಿನ ತೊಂದರೆ ಅಲ್ಲ ಮಾರಾಯ್ರೆ. ಹೂವಿನ ರಸ ನರದ ತುದಿಗೆ ಮುಟ್ಟುವುದೇ ಇಲ್ಲ. ತೊಳೆಯದ ಹೂವಿನ ರಸದಿಂದ ಕರಿಗುಡ್ಡೆ ಹುಣ್ಣಾದರೆ ಎರಡು ಕಾಯಿಲೆ ಆಗುತ್ತದೆ.

ತೋಟದವರೇ, ನಾನು ಆಪ್ಟೋಮೆಟ್ರಿಸ್ಟ್. ಹನ್ನೊಂದು ವರ್ಷದಿಂದ ಓಸಿಟಿ ಮೆಷಿನ್ ಮುಂದೆ ಕೂತಿದ್ದೇನೆ, ರೋಗ ಹೇಳುವವನು ನಾನಲ್ಲ. ಮೆಷಿನ್ ಏನು ನೋಡುತ್ತದೆ ಅನ್ನುವುದು ಮಾತ್ರ ಹೇಳುತ್ತೇನೆ.

ಪತ್ರೊಡೆ ಸುತ್ತಿ ಬೇಯಿಸಿ ಅಡ್ಡ ಕೊಯ್ದರೆ ಎಲೆ, ಹಿಟ್ಟು, ಎಲೆ, ಹಿಟ್ಟು ಅಂತ ಪದರ ಕಾಣುತ್ತದಲ್ಲ, ಓಸಿಟಿ ರೆಟಿನಾವನ್ನು, ಅಂದರೆ ಕಣ್ಣಿನ ಒಳಗಿನ ಹಿಂಪರದೆಯನ್ನು, ಕೊಯ್ಯದೆ ಹಾಗೆ ತೋರಿಸುತ್ತದೆ. ಎಕ್ಸ್‌ರೇ ಇಲ್ಲ, ಕಣ್ಣಿಗೆ ಹೆಚ್ಚು ಕಾಣದ ಕೆಂಪಿನಾಚೆಯ ಬೆಳಕು. ಅದು ಯಾವ ಪದರದಿಂದ ಎಷ್ಟು ವಾಪಸ್ ಬಂತು ಅಂತ ಲೆಕ್ಕ ಹಾಕುತ್ತದೆ. 1991ರಲ್ಲಿ ಅಮೆರಿಕದ ಎಂಐಟಿಯವರ ತಂಡ ಇದನ್ನು ಮೊದಲು ತೋರಿಸಿತು. ಆರ್‌ಎನ್‌ಎಫ್‌ಎಲ್ ಅಂದರೆ ರೆಟಿನಾದ ಮೇಲ್ಪದರದ ನರದ ಎಳೆಗಳು. ಹತ್ತು ಹನ್ನೆರಡು ಲಕ್ಷ ಎಳೆಗಳು ಎಲ್ಲಾ ಕಡೆಯಿಂದ ಬಂದು ಡಿಸ್ಕ್ ಅನ್ನುವ ಒಂದು ಜಾಗದಲ್ಲಿ ಸೇರಿ ಹಗ್ಗ ಆಗಿ ಮೆದುಳಿಗೆ ಹೋಗುತ್ತವೆ. ಮೆಷಿನ್ ಆ ಡಿಸ್ಕಿನ ಸುತ್ತ ಸುಮಾರು 3.4 ಮಿಲಿಮೀಟರ್ ಅಗಲದ ಒಂದು ವೃತ್ತ ಎಳೆದು, ಆ ವೃತ್ತದ ಮೇಲೆ ಎಳೆಗಳ ದಪ್ಪ ಎಷ್ಟು ಅಂತ ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತದೆ. ದೊಡ್ಡವರಲ್ಲಿ ಸಾಮಾನ್ಯವಾಗಿ 90–100ರ ಆಸುಪಾಸು. ನಿಮ್ಮ ತಂಗಿಯ ಬಲಗಣ್ಣು ಸರಿ ಇದೆ. ಎಡಗಣ್ಣಿನ 187 ಅಂದರೆ ಊತ.

ಬಣ್ಣದ ವಿಷಯ. ಇದು ಎಲ್ಲರೂ ಮೋಸ ಹೋಗುವ ಜಾಗ. ಕೆಂಪು, ಹಳದಿ ಅಂದರೆ ಎಳೆ ಸವೆದು ತೆಳುವಾಗಿದೆ ಅಂತ. ನರದ ಎಳೆ ಸವೆಯುವ ಗ್ಲಾಕೋಮಾ ಕಾಯಿಲೆ ಹುಡುಕುವವರಿಗೆ ಅದು ಬೇಕು. ನಿಮ್ಮ ಮೆಷಿನ್ನಿನಲ್ಲಿ ಬಿಳಿ ಅಂದರೆ ನೂರು ಜನ ಆರೋಗ್ಯವಂತರಲ್ಲಿ ಅತಿ ದಪ್ಪ ಇರುವ ಐದು ಜನರ ಸಾಲಿಗೆ ಸೇರಿದೆ, ಅಥವಾ ಅದನ್ನೂ ಮೀರಿದೆ ಅಂತ. ಹಾಗಾಗಿ ಕೆಂಪಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ.

ಇನ್ನೊಂದು. ಡಿಸ್ಕ್ ಜೋರು ಊದಿದಾಗ ಪದರದ ಗಡಿ ಎಲ್ಲಿದೆ ಅಂತ ಮೆಷಿನ್ನಿಗೇ ಗೊಂದಲ ಆಗುತ್ತದೆ, ಗೆರೆಯನ್ನು ಎಲ್ಲೆಲ್ಲೋ ಎಳೆದು ಒಂದು ಅಂಕಿ ಕೊಟ್ಟುಬಿಡುತ್ತದೆ. ರಿಪೋರ್ಟಿನಲ್ಲಿ ಸಿಗ್ನಲ್ ಎಷ್ಟು ಅಂತ ನೋಡಿ, 10ಕ್ಕೆ 6ಕ್ಕಿಂತ ಕಮ್ಮಿ ಇದ್ದರೆ ನಾವು ಮತ್ತೆ ತೆಗೆಯುತ್ತೇವೆ.

ಹೊಸನಗರದ ತೋಟದವ · ರಾತ್ರಿ 10.20

ಸಿಗ್ನಲ್ 7 ಇದೆ. ಪತ್ರೊಡೆ ಉದಾಹರಣೆ ಅಮ್ಮನಿಗೂ ಅರ್ಥ ಆಯಿತು ಸರ್. ಹಾಗಾದರೆ ಊತ ಅಂತ ಮಾತ್ರ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ?

ಕಣ್ಣಿನ ಡಾಕ್ಟರಮ್ಮ · ರಾತ್ರಿ 11.10

ಹೇಳುವುದಿಲ್ಲ. ಕ್ರಿಮಿಯ ಹೆಸರು ಓಸಿಟಿಯಲ್ಲಿ ಬರೆದಿರುವುದಿಲ್ಲ. ನಾನು ಈ ಕಡೆಯಲ್ಲೇ ಇಪ್ಪತ್ತು ವರ್ಷ ಕಣ್ಣು ನೋಡಿದವಳು, ಈಗ ನಿವೃತ್ತಿ. ಅವಳನ್ನು ನೋಡದೆ ನಾನು ರೋಗ ಹೇಳುವುದಿಲ್ಲ, ನಿಮ್ಮ ಡಾಕ್ಟರ್ ಮಾಡುತ್ತಿರುವುದು ಸರಿ ಅಂತಷ್ಟೇ ಹೇಳಬಲ್ಲೆ. ಆದರೆ ನಾಳೆ ಅವರ ಮುಂದೆ ಹೇಳಲು ಕೆಲವು ವಿಷಯ ತಿಳಿದುಕೊಂಡಿರಿ. ನಾನಾಗಿದ್ದರೆ ಇವಿಷ್ಟನ್ನು ಕೇಳಿಯೇ ಮುಂದೆ ಹೋಗುತ್ತಿದ್ದೆ.

ಮೊದಲು ಬಿಪಿ. ನಗಬೇಡಿ. ಬಿಪಿ ವಿಪರೀತ ಏರಿದಾಗಲೂ ಡಿಸ್ಕ್ ಊದುತ್ತದೆ, ರೆಟಿನಾದ ನಡುಭಾಗವಾದ ಮ್ಯಾಕುಲಾದಲ್ಲಿ ನಕ್ಷತ್ರದ ಹಾಗೆ ಗೆರೆ ಬೀಳುತ್ತದೆ. ಸಾಮಾನ್ಯವಾಗಿ ಎರಡೂ ಕಣ್ಣಿಗೆ. ಬಸುರಿಯಾ ಅಂತಲೂ ಕೇಳಬೇಕು. ಇದನ್ನು ಬಿಟ್ಟು ದುಬಾರಿ ಟೆಸ್ಟಿಗೆ ಓಡಿದವರನ್ನು ನೋಡಿದ್ದೇನೆ.

ಕಣ್ಣು ಆಚೆ ಈಚೆ ಆಡಿಸಿದರೆ ನೋವಿದೆಯಾ? ಒಂದು ಕೆಂಪು ಬಾಟಲಿ ಮುಚ್ಚಳ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಲು ಹೇಳಿ, ಎರಡರಲ್ಲೂ ಅದೇ ಕೆಂಪಾ? ಟಾರ್ಚ್ ಬೆಳಕನ್ನು ಒಂದು ಕಣ್ಣಿಂದ ಇನ್ನೊಂದಕ್ಕೆ ಆಡಿಸಿ ನೋಡಿದರಾ? ನರ ಕೆಟ್ಟ ಕಣ್ಣಿನ ಮೇಲೆ ಬೆಳಕು ಬಂದಾಗ ಪಾಪೆ ಕುಗ್ಗುವ ಬದಲು ಹಿಗ್ಗುತ್ತದೆ. ಹತ್ತು ರೂಪಾಯಿ ಟಾರ್ಚಿನ ಈ ಪರೀಕ್ಷೆ ಎಷ್ಟೋ ಸಲ ಲಕ್ಷಗಟ್ಟಲೆ ಮೆಷಿನ್ನಿಗಿಂತ ಮೊದಲು ದಾರಿ ತೋರಿಸುತ್ತದೆ.

ಆಮೇಲೆ ಜ್ವರದ ಕಥೆ. ಮೈಮೇಲೆ ಎಲ್ಲಾದರೂ, ಕಂಕುಳು, ತೊಡೆಸಂದಿ, ಸೊಂಟದ ಹತ್ತಿರ, ಬೀಡಿಯಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ ಇತ್ತಾ? ಅದು ಸ್ಕ್ರಬ್ ಟೈಫಸ್ ಗುರುತು, ಹುಲ್ಲಿನಲ್ಲಿರುವ ಮೈಟ್ ಮರಿ ಕಚ್ಚಿದ ಜಾಗ. ಮಳೆ ಹಿಂದೆ ಸರಿಯುವ ಈ ತಿಂಗಳುಗಳಲ್ಲಿ ಅದು ಜಾಸ್ತಿ. ಮೈಮೇಲೆ ಗುಳ್ಳೆ, ಕೀಲು ನೋವು ಇತ್ತಾ? ಮನೆಯಲ್ಲಿ ಯಾರಿಗಾದರೂ ಟಿಬಿ? ಬೆಕ್ಕು ಇದೆಯಾ? ಮರಿ ಬೆಕ್ಕು? ಪರಚಿದೆಯಾ?

ಹೊಸನಗರದ ತೋಟದವ · ಅಕ್ಟೋಬರ್ 7, ಬೆಳಗ್ಗೆ 7.30

ಮೇಡಂ, ಎಲ್ಲ ಕೇಳಿದೆ. ಬಿಪಿ ಇಲ್ಲೇ ಮೆಡಿಕಲ್ ಶಾಪಿನಲ್ಲಿ ನೋಡಿಸಿದೆ, 118/76. ಬಸುರಿ ಅಲ್ಲ. ಕಣ್ಣು ಆಡಿಸಿದರೆ ನೋವು ಅಷ್ಟಾಗಿ ಇಲ್ಲ. ಮುಚ್ಚಳ ಬಲಗಣ್ಣಿಗೆ ಕೆಂಪು, ಎಡಗಣ್ಣಿಗೆ ಹಳೇ ಇಟ್ಟಿಗೆ ಬಣ್ಣ ಅಂತೆ. ಟಾರ್ಚ್ ಆಡಿಸಿ ನೋಡಿ ಏನೋ ಬರೆದುಕೊಂಡರು. ಹಕ್ಕಳೆ ಇಲ್ಲ.

ಬೆಕ್ಕು ಅಂದಿರಲ್ಲ. ಅಡಿಕೆ ಇಡುವ ಕೋಣೆಯಲ್ಲಿ ಇಲಿ ಜಾಸ್ತಿ ಅಂತ ಆಗಸ್ಟ್‌ನಲ್ಲಿ ಎರಡು ಮರಿ ತಂದಿದ್ದೇವೆ. ತಂಗಿಯ ಕೈ ತುಂಬಾ ಪರಚು ಗೆರೆ. ಎಡ ಕಂಕುಳಲ್ಲಿ ಒಂದು ಗಂಟು ಇದೆ, ಜ್ವರದ ಹೊತ್ತಿಗೆ ಬಂದಿದ್ದು, ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ ಅಂತ ಈಗ ಹೇಳುತ್ತಾಳೆ! ನಿನ್ನೆ ಡಾಕ್ಟರಿಗೂ ಹೇಳಿಲ್ಲ.

ಕಣ್ಣಿನ ಡಾಕ್ಟರಮ್ಮ · ಬೆಳಗ್ಗೆ 8.00

ಇವತ್ತೇ ಫೋನ್ ಮಾಡಿ ಹೇಳಿ. ಗಂಟು, ಬೆಕ್ಕು ಎರಡನ್ನೂ. ಬಾರ್ಟೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಕ್ಕಿನ ಚಿಗಟದಿಂದ ಬೆಕ್ಕಿಗೆ, ಪರಚಿದಾಗ ಮನುಷ್ಯರಿಗೆ ಬರುತ್ತದೆ. ಮರಿಗಳಲ್ಲೇ ಜಾಸ್ತಿ. ಅದೇ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಟೆಸ್ಟ್ ಮಾಮೂಲಿ ಪಟ್ಟಿಯಲ್ಲಿ ಇರುವುದಿಲ್ಲ, ಡಾಕ್ಟರ್ ನೆನಪಿಟ್ಟು ಬರೆದರೆ ಮಾತ್ರ ರಕ್ತ ಹೊರಗಿನ ಲ್ಯಾಬಿಗೆ ಹೋಗುತ್ತದೆ.

ಸೊರಬದ ಮೇಷ್ಟ್ರು · ಬೆಳಗ್ಗೆ 8.45

ಜ್ವರ, ಕಣ್ಣು ಅಂದ ತಕ್ಷಣ ನನಗೆ ಮಂಗನ ಕಾಯಿಲೆ ನೆನಪಾಯಿತು. ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಅದನ್ನು ಗುರುತಿಸಿದ್ದು, ಕಾಯಿಲೆಗೆ ಊರಿನ ಕಾಡಿನ ಹೆಸರೇ ಅಂಟಿಕೊಂಡಿತು. ಅದರಲ್ಲೂ ಕಣ್ಣು ಕೆಂಪಾಗುತ್ತದೆ ಅಲ್ವಾ? ಸೊಪ್ಪಿಗೆ ಹೋದಾಗ ಉಣುಗು ಹತ್ತಿರಬಹುದಾ?

ಕಣ್ಣಿನ ಡಾಕ್ಟರಮ್ಮ · ಬೆಳಗ್ಗೆ 9.10

ಮೇಷ್ಟ್ರೇ, ಕೇಳಿದ್ದು ಒಳ್ಳೆಯದು. ಮಂಗನ ಕಾಯಿಲೆಯಲ್ಲಿ ಜ್ವರ ಇದ್ದಾಗಲೇ ಕಣ್ಣಿನ ಬಿಳಿಭಾಗ ಕೆಂಪಾಗುತ್ತದೆ. ಅದರ ಕಾಲ ನವೆಂಬರ್–ಡಿಸೆಂಬರ್‌ನಿಂದ ಮೇವರೆಗೆ, ಉಣುಗಿನ ಮರಿಗಳು ದರಗಿನಲ್ಲಿ ಹರಿದಾಡುವಾಗ. ಈ ಹುಡುಗಿಗೆ ಬಂದದ್ದು ಮಳೆ ನಡುವೆ. ಜ್ವರ ಬಿಟ್ಟಮೇಲೆ ಕಣ್ಣು ಮಂಜಾಗಿದೆ, ಕೆಂಪೇ ಇಲ್ಲ. ದಾರಿ ಬೇರೆ.

ನಮ್ಮ ಕಡೆ ಇನ್ನೊಂದು ಗುಂಪು ಇದೆ, ಜ್ವರದ ನಂತರದ ರೆಟಿನಾ ಉರಿಯೂತ ಅಂತ ಕರೆಯುತ್ತೇವೆ. ಸ್ಕ್ರಬ್ ಟೈಫಸ್ ಮತ್ತು ಅದರ ದಾಯಾದಿ ರಿಕೆಟ್ಸಿಯಾ ಜ್ವರಗಳು, ಚಿಕುನ್‌ಗುನ್ಯಾ, ಡೆಂಗಿ, ಇವು ಬಿಟ್ಟು ಹೋದ ಎರಡು ಮೂರು ವಾರಕ್ಕೆ ದೃಷ್ಟಿ ಮಂಜಾಗುತ್ತದೆ. ಡೆಂಗಿಯಲ್ಲಿ ಇನ್ನೂ ಬೇಗ, ಪ್ಲೇಟ್ಲೆಟ್ ಇಳಿದ ದಿನಗಳಲ್ಲೇ ಆಗಬಹುದು. ಇಲ್ಲಿ ಚಿತ್ರ ಸಹಾಯಕ್ಕೆ ಬರುತ್ತದೆ. ರಿಕೆಟ್ಸಿಯಾದಲ್ಲಿ ರೆಟಿನಾ ಮೇಲೆ ಹತ್ತಿ ಉಂಡೆ ಇಟ್ಟ ಹಾಗೆ ಬಿಳಿ ಮಚ್ಚೆಗಳು ಇರುತ್ತವೆ. ಓಸಿಟಿಯಲ್ಲಿ ಆ ಜಾಗದ ಒಳಪದರಗಳು ದಪ್ಪಗೆ, ಬೆಳ್ಳಗೆ ಹೊಳೆಯುತ್ತವೆ, ಕೆಳಗೆ ನೆರಳು ಬೀಳುತ್ತದೆ. ಬೆಕ್ಕಿನ ಪರಚಿನಲ್ಲಿ ಡಿಸ್ಕೇ ಮುಖ್ಯ. ಅಲ್ಲಿಂದ ಸೋರಿದ ನೀರು ಪದರದ ಸಂದಿಯಲ್ಲಿ ಮ್ಯಾಕುಲಾವರೆಗೆ ಹರಿದು ನಿಲ್ಲುತ್ತದೆ. ಎರಡೂ ಒಂದರ ಮುಖ ಒಂದು ಹೊತ್ತುಕೊಂಡು ಬರುವುದೂ ಇದೆ, ಅದಕ್ಕೇ ಫೋಟೋ ನೋಡಿ ಪಣ ಕಟ್ಟಬಾರದು.

ಬೆಂಗಳೂರಿನ ಮಲ್ನಾಡ್ ಹುಡುಗ · ಮಧ್ಯಾಹ್ನ 1.20

ಇಷ್ಟೆಲ್ಲಾ ಯಾಕೆ, ಸೀದಾ ಎಂಆರ್‌ಐ ಮಾಡಿಸಬಹುದಲ್ವಾ? ಅಥವಾ ಫೋಟೋವನ್ನು ಎಐಗೆ ಕೊಟ್ಟರೆ ಎರಡು ಸೆಕೆಂಡ್.

ಸ್ಕ್ಯಾನ್ ರೂಮಿನವನು · ಮಧ್ಯಾಹ್ನ 2.00

ಎಐಗೆ ಕಂಕುಳ ಗಂಟಿನ ವಿಷಯ ಯಾರು ಹೇಳುತ್ತಾರೆ? ಅಣ್ಣನಿಗೇ ಹೇಳಿರಲಿಲ್ಲ.

ಕಣ್ಣಿನ ಡಾಕ್ಟರಮ್ಮ · ಮಧ್ಯಾಹ್ನ 3.30

ಎಂಆರ್‌ಐ ಬೇಕಾಗುವ ಜಾಗ ಇದೆ. ಎಷ್ಟೋ ಸಲ ಉರಿಯೂತ ಕಣ್ಣುಗುಡ್ಡೆಯ ಹಿಂದೆ, ನರದ ಒಳಗೆ ಇರುತ್ತದೆ. ಆಗ ಡಿಸ್ಕ್ ನೋಡಿದರೆ ಸರಿ, ಓಸಿಟಿ ಸರಿ, ಫೋಟೋ ಸರಿ, ರೋಗಿಗೆ ಮಾತ್ರ ಕಾಣುವುದಿಲ್ಲ. ರೋಗಿಗೂ ಕಾಣುವುದಿಲ್ಲ, ಡಾಕ್ಟರಿಗೂ ಕಾಣುವುದಿಲ್ಲ ಅಂತ ನಾವು ಓದುವಾಗಿನಿಂದ ಇರುವ ಜೋಕು. ಅಂಥವರಿಗೆ ಔಷಧ ಚುಚ್ಚಿ, ಕೊಬ್ಬಿನ ಹೊಳಪು ಅಡಗಿಸಿ ತೆಗೆದ ಕಣ್ಣುಗೂಡಿನ ಎಂಆರ್‌ಐ ಬೇಕು. ಬರೀ ಮೆದುಳಿನ ಎಂಆರ್‌ಐ ಬರೆಸಿಕೊಂಡು ಬಂದರೆ ನರ ಸರಿಯಾಗಿ ಕಾಣುವುದಿಲ್ಲ. ಎರಡೂ ಕಣ್ಣಿನ ಡಿಸ್ಕ್ ಊದಿ ತಲೆನೋವು, ವಾಂತಿ ಇದ್ದರೆ ತಲೆಯೊಳಗಿನ ಒತ್ತಡ ಏರಿರಬಹುದು, ಟಿಬಿ ಮೆದುಳು ಜ್ವರ ಇರಬಹುದು, ಅವತ್ತೇ ಸ್ಕ್ಯಾನ್. ಸೈನಸ್ ಕಡೆಯಿಂದ ಬರುವ ಕಪ್ಪು ಶಿಲೀಂಧ್ರದಲ್ಲೂ ಅಷ್ಟೇ, 2021ರಲ್ಲಿ ಅದನ್ನು ಎಲ್ಲರೂ ನೋಡಿದ್ದೇವೆ, ಶುಗರ್ ಇರುವವರಿಗೆ ಗಂಟೆಗಳ ಲೆಕ್ಕ.

ಈ ಹುಡುಗಿಗೆ ಒಂದೇ ಕಣ್ಣು, ಡಿಸ್ಕ್ ಊತ ಕಣ್ಣಿಗೇ ಕಾಣುತ್ತಿದೆ. ಎಂಆರ್‌ಐ ಬೇಕಾ ಅಂತ ನೋಡಿದ ಡಾಕ್ಟರ್ ನಿರ್ಧರಿಸಲಿ.

ಕೊಪ್ಪದ ಅಕ್ಕ · ಸಂಜೆ 6.15

ನನ್ನದೊಂದು ಕಥೆ. ಕನ್ನಡಕ ಬದಲಿಸಲು ಹೋದಾಗ ಎರಡೂ ಡಿಸ್ಕ್ ಊದಿದೆ, ತಲೆಯಲ್ಲಿ ಒತ್ತಡ ಇರಬಹುದು ಅಂದರು. ಮೂರು ರಾತ್ರಿ ನಿದ್ದೆ ಇಲ್ಲ. ಆಮೇಲೆ ಇನ್ನೊಬ್ಬರು ಕಣ್ಣಿನ ಬಿ-ಸ್ಕ್ಯಾನ್ ಮಾಡಿ, ಅಲ್ಟ್ರಾಸೌಂಡೇ ಅದು, ರೆಪ್ಪೆ ಮುಚ್ಚಿ ಜೆಲ್ ಹಚ್ಚಿ, ಇದು ಡ್ರೂಸೆನ್ ಅಂದರು. ಡಿಸ್ಕಿನ ಒಳಗೆ ಸುಣ್ಣದ ಕಣ ಸೇರಿಕೊಂಡು ಉಬ್ಬಿದ ಹಾಗೆ ಕಾಣುತ್ತದಂತೆ. ಊತವೇ ಅಲ್ಲ! ಅದಕ್ಕೇ ಹೇಳಿದೆ, ಊತ ಅಂತ ಬರೆದದ್ದೆಲ್ಲಾ ಊತ ಅಲ್ಲ.

ಸ್ಕ್ಯಾನ್ ರೂಮಿನವನು · ಸಂಜೆ 6.40

ಹೌದು ಅಕ್ಕ, ಸುಣ್ಣ ಬಿ-ಸ್ಕ್ಯಾನಿನಲ್ಲಿ ದೀಪ ಹಚ್ಚಿದ ಹಾಗೆ ಹೊಳೆಯುತ್ತದೆ. ಆದರೆ ಡ್ರೂಸೆನ್ ಹತ್ತು ದಿನದಲ್ಲಿ ದೃಷ್ಟಿ ಹೀಗೆ ಇಳಿಸುವುದು ಕಮ್ಮಿ.

ಶಿಕಾರಿಪುರದ ಮಗ · ರಾತ್ರಿ 8.30

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಅಪ್ಪನಿಗೆ ಟಿಬಿ ಮಾತ್ರೆ ಶುರುವಾಗಿ ನಾಲ್ಕು ತಿಂಗಳು. ಎರಡೂ ಕಣ್ಣು ಸ್ವಲ್ಪ ಮಂಜು, ಸಿಗ್ನಲ್ಲಿನಲ್ಲಿ ಕೆಂಪು ಹಸಿರು ಗೊತ್ತಾಗುವುದಿಲ್ಲ ಅಂತಾರೆ. ಓಸಿಟಿ ಮಾಡಿಸಿದೆವು, ನಾರ್ಮಲ್. ಟಿಬಿ ಸೋಂಕು ಕಣ್ಣಿನ ನರಕ್ಕೆ ಹೋಗಿದೆಯಾ?

ಕಣ್ಣಿನ ಡಾಕ್ಟರಮ್ಮ · ರಾತ್ರಿ 8.50

ನಾಳೆ ಬೆಳಗ್ಗೆಯೇ ಟಿಬಿ ಡಾಕ್ಟರಿಗೂ ಕಣ್ಣಿನ ಡಾಕ್ಟರಿಗೂ ತೋರಿಸಿ, ಕಾಯಬೇಡಿ. ಸೋಂಕಿಗಿಂತ ಮೊದಲು ಎಥಾಂಬುಟಾಲ್ ಮಾತ್ರೆಯ ಮೇಲೆ ಅನುಮಾನ ಬರುತ್ತದೆ. ಈಗಿನ ಮಾಮೂಲಿ ಟಿಬಿ ಕೋರ್ಸಿನಲ್ಲಿ ಅದು ಆರು ತಿಂಗಳೂ ಇರುತ್ತದೆ. ನೋವಿಲ್ಲದೆ, ಎರಡೂ ಕಣ್ಣಿಗೆ, ಬಣ್ಣದಿಂದ ಶುರುವಾಗುವುದು ಅದರ ರೀತಿ. ಕಿಡ್ನಿ ಸರಿ ಇಲ್ಲದವರಿಗೆ ಅಪಾಯ ಜಾಸ್ತಿ. ಮೊದಮೊದಲು ಡಿಸ್ಕ್, ಓಸಿಟಿ ಎರಡೂ ಸರಿಯಾಗೇ ಕಾಣಬಹುದು. ಓಸಿಟಿ ತೆಳುವಾಗುವವರೆಗೆ ಕಾದರೆ ಎಳೆ ಸತ್ತಮೇಲೆ ಗೊತ್ತಾದ ಹಾಗೆ. ಬಣ್ಣದ ಚುಕ್ಕೆಗಳಲ್ಲಿ ಅಂಕಿ ಓದಿಸುವ ಪುಸ್ತಕ, ಸುತ್ತಲಿನ ನೋಟ ಅಳೆಯುವ ಫೀಲ್ಡ್ ಟೆಸ್ಟ್ ಮಾಡಿಸಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಟಿಬಿ ಕೋರ್ಸ್ ಕೆಡುತ್ತದೆ. ಯಾವುದನ್ನು ತೆಗೆಯಬೇಕು ಅಂತ ಅವರು ಅವತ್ತೇ ಹೇಳುತ್ತಾರೆ.

ಶಿಕಾರಿಪುರದ ಮಗ · ಅಕ್ಟೋಬರ್ 8, ಸಂಜೆ 5.00

ಹೋಗಿ ಬಂದೆವು ಮೇಡಂ. ಆ ಮಾತ್ರೆ ತೆಗೆದು ಬೇರೆ ಮಾಡಿದರು. ಬಣ್ಣದ ಪುಸ್ತಕದಲ್ಲಿ ಅಪ್ಪ ಮೊದಲ ಹಾಳೆ ಬಿಟ್ಟು ಏನೂ ಓದಲಿಲ್ಲ.

ಹೊಸನಗರದ ತೋಟದವ · ಅಕ್ಟೋಬರ್ 14, ರಾತ್ರಿ 9.50

ಒಂದು ವಾರದ ಸುದ್ದಿ. ವಿಡಿಆರ್‌ಎಲ್, ಟಿಪಿಎಚ್‌ಎ, ಎಚ್‌ಐವಿ ಎಲ್ಲಾ ನೆಗೆಟಿವ್. ಸಿಫಿಲಿಸ್ ಟೆಸ್ಟ್ ಅಂದಾಗ ಅಮ್ಮ ಗಲಾಟೆ ಮಾಡಿದರು, ಡಾಕ್ಟರ್ ಇದು ಎಲ್ಲರಿಗೂ ಮಾಡುತ್ತೇವೆ, ಸಾಧುವಿಗೂ ಮಾಡುತ್ತೇವೆ ಅಂದರು. ಎದೆ ಎಕ್ಸ್‌ರೇ ಸರಿ. ಸ್ಕ್ರಬ್ ಐಜಿಎಂ ನೆಗೆಟಿವ್. ಬಾರ್ಟೊನೆಲ್ಲಾ ರಿಪೋರ್ಟ್ ಇನ್ನೂ ಬಂದಿಲ್ಲ.

ಗಂಟಿನ ವಿಷಯ ಹೇಳಿದ ಮೇಲೆ ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯಾಟಿಕ್ ಅವತ್ತೇ ಶುರು ಮಾಡಿದ್ದರು. ಇವತ್ತು ಮತ್ತೆ ಫೋಟೋ ತೆಗೆದರು. ಮ್ಯಾಕುಲಾದಲ್ಲಿ ಹಳದಿ ಬಿಳಿ ಗೆರೆಗಳು, ಅರ್ಧ ನಕ್ಷತ್ರದ ಹಾಗೆ. ಹೋದ ವಾರದ ಫೋಟೋದಲ್ಲಿ ಅದು ಇರಲೇ ಇಲ್ಲ! ರೋಗ ಜಾಸ್ತಿ ಆಯಿತು ಅಂತ ನನಗೆ ಎದೆ ಧಸಕ್ಕಂತು. ಡಾಕ್ಟರ್ ಮಾತ್ರ ಖುಷಿಯಾಗಿ ಇದನ್ನೇ ಕಾಯುತ್ತಿದ್ದೆ ಅಂದರು. ಕೈಗೆ ಹಳದಿ ಔಷಧ ಚುಚ್ಚಿ ಎಫ್‌ಎಫ್‌ಎ ಅಂತ ಫೋಟೋನೂ ತೆಗೆದರು. ತಂಗಿಯ ಮುಖವೆಲ್ಲಾ ಅರಿಶಿನ ಶಾಸ್ತ್ರಕ್ಕೆ ಕೂತವಳ ಹಾಗಾಗಿದೆ, ಮೂತ್ರ ಕಿತ್ತಳೆ ಬಣ್ಣ ಅಂತ ಹೆದರಿದಳು.

ಸ್ಕ್ಯಾನ್ ರೂಮಿನವನು · ರಾತ್ರಿ 10.10

ನಾಳೆ ಹೊತ್ತಿಗೆ ಹಳದಿ ಹೋಗುತ್ತದೆ, ನೀರು ಕುಡಿಸಿ. ಫ್ಲೋರೆಸಿನ್ ಅದು. ಕೈಯಿಂದ ಕಣ್ಣಿಗೆ ಹತ್ತು ಹದಿನೈದು ಸೆಕೆಂಡಿನಲ್ಲಿ ತಲುಪುತ್ತದೆ, ಕೆಲವರಿಗೆ ವಾಕರಿಕೆ ಬರುತ್ತದೆ. ಅಪರೂಪಕ್ಕೆ ಜೋರು ಅಲರ್ಜಿಯೂ ಆಗಬಹುದು, ಅದಕ್ಕೇ ಎಮರ್ಜೆನ್ಸಿ ಔಷಧ ಪಕ್ಕದಲ್ಲಿ ಇಟ್ಟುಕೊಂಡೇ ಚುಚ್ಚುತ್ತೇವೆ.

ಮೊದಲ ದಿನದ ಮ್ಯಾಕುಲಾ ಓಸಿಟಿ ಹಾಳೆ ಇದ್ದರೆ ನೋಡಿ. ನಡುವಿನ ಗುಂಡಿಯ ಕೆಳಗೆ ಕಪ್ಪು ಜಾಗ ಇದೆಯಾ?

ಹೊಸನಗರದ ತೋಟದವ · ರಾತ್ರಿ 10.25

ಇದೆ ಸರ್! ದೋಸೆ ಅಡಿ ಗಾಳಿ ಸೇರಿಕೊಂಡ ಹಾಗೆ ಸಣ್ಣದಾಗಿ ಎದ್ದಿದೆ.

ಸ್ಕ್ಯಾನ್ ರೂಮಿನವನು · ರಾತ್ರಿ 10.35

ಅದೇ. ನೀರು. ಫೋಟೋದಲ್ಲಿ ನಕ್ಷತ್ರ ಬೀಳುವ ಮೊದಲೇ ಓಸಿಟಿ ಅದನ್ನು ತೋರಿಸಿತ್ತು. ನಿಮ್ಮ ಡಾಕ್ಟರ್ ಕಾಯುತ್ತಿದ್ದರು ಅಂದಿರಲ್ಲ, ಅದನ್ನು ನೋಡಿಯೇ ಇರಬೇಕು.

ಕಣ್ಣಿನ ಡಾಕ್ಟರಮ್ಮ · ರಾತ್ರಿ 11.00

ನಕ್ಷತ್ರ ಅಂದರೆ ನೀರು ಇಂಗಿದಮೇಲೆ ಉಳಿದ ಕೊಬ್ಬು. ಕೆಸರು ಗದ್ದೆಯಲ್ಲಿ ನೀರು ಬತ್ತಿದಾಗ ಅಂಚಿನಲ್ಲಿ ಬಿಳಿ ಉಪ್ಪು ಕೂರುತ್ತದಲ್ಲ ಹಾಗೆ. ಮ್ಯಾಕುಲಾದಲ್ಲಿ ಎಳೆಗಳು ಸೈಕಲ್ ಚಕ್ರದ ಕಡ್ಡಿಯಂತೆ ಹರಡಿರುವುದರಿಂದ ಅದು ನಕ್ಷತ್ರದ ಆಕಾರ ತೆಗೆದುಕೊಳ್ಳುತ್ತದೆ. ಡಿಸ್ಕ್ ಊದಿ ಒಂದು ಎರಡು ವಾರಕ್ಕೆ ಬರುವುದೇ ಅದರ ಕ್ರಮ, ರೋಗ ಏರಿತು ಅಂತಲ್ಲ. 1916ರಲ್ಲಿ ಲೇಬರ್ ಅನ್ನುವ ಜರ್ಮನ್ ಡಾಕ್ಟರ್ ಇದನ್ನು ಬರೆದಾಗ ಮ್ಯಾಕುಲಾದ್ದೇ ಕಾಯಿಲೆ ಅಂದುಕೊಂಡಿದ್ದರು. 1977ರಲ್ಲಿ ಅಮೆರಿಕದ ಗ್ಯಾಸ್ ಇದೇ ಹಳದಿ ಔಷಧದ ಫೋಟೋ ಇಟ್ಟುಕೊಂಡು, ಮ್ಯಾಕುಲಾದ ರಕ್ತನಾಳ ಸೋರುತ್ತಿಲ್ಲ, ಸೋರುತ್ತಿರುವುದು ಡಿಸ್ಕ್ ಅಂತ ತೋರಿಸಿದರು. ಮಾಡು ಒಂದು ಕಡೆ ಸೋರಿ ಗೋಡೆ ಇನ್ನೊಂದು ಕಡೆ ಒದ್ದೆ ಆಗುವುದು ನಮಗೆ ಮಲೆನಾಡಿನವರಿಗೆ ಹೇಳಿಕೊಡಬೇಕಾ?

ಡಾಕ್ಟರ್ ಖುಷಿಪಟ್ಟದ್ದಕ್ಕೆ ಇನ್ನೊಂದು ಕಾರಣ ಇದೆ. ಹರೆಯದ ಹೆಣ್ಣುಮಕ್ಕಳಲ್ಲಿ ಒಂದು ಕಣ್ಣಿನ ನರ ಊದಿದಾಗ ಎಂಎಸ್ ಅನ್ನುವ ಮೆದುಳಿನ ಕಾಯಿಲೆಯ ಭಯ ಹಿಂದೆಯೇ ಇರುತ್ತದೆ. ನಕ್ಷತ್ರ ಕಂಡರೆ ಆ ಭಯ ಬಹುಮಟ್ಟಿಗೆ ಹೋಗುತ್ತದೆ.

ಬೆಂಗಳೂರಿನ ಮಲ್ನಾಡ್ ಹುಡುಗ · ರಾತ್ರಿ 11.20

ನಮ್ಮ ಆಫೀಸಿನಲ್ಲಿ ಒಬ್ಬರಿಗೆ ನರ ಊದಿದಾಗ ಅದೇ ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿದ್ದರು. ಇಲ್ಲಿ ಯಾಕೆ ಕಾಯಿಸಿದರು? ಸಣ್ಣ ಊರು ಅಂತ ಅಸಡ್ಡೆ ಅನಿಸುತ್ತದೆ.

ಕಣ್ಣಿನ ಡಾಕ್ಟರಮ್ಮ · ಅಕ್ಟೋಬರ್ 15, ಬೆಳಗ್ಗೆ 7.15

ಅಸಡ್ಡೆ ಅಲ್ಲ ತಮ್ಮಾ, ಧೈರ್ಯ. ಕೊಡುವುದು ಸುಲಭ. ಸಿಫಿಲಿಸ್, ಟಿಬಿ, ಟಾಕ್ಸೊಪ್ಲಾಸ್ಮಾ, ಶಿಲೀಂಧ್ರ, ಇವುಗಳಲ್ಲಿ ಒಂದು ಇದ್ದು ಅದಕ್ಕೆ ಔಷಧ ಕೊಡದೆ ಬರೀ ಸ್ಟೀರಾಯ್ಡ್ ಕೊಟ್ಟರೆ ಬೆಂಕಿ ಆರಿದ ಹಾಗೆ ಕಂಡು ಒಳಗೆ ಹಬ್ಬುತ್ತದೆ. ನಿಮ್ಮ ಸಹೋದ್ಯೋಗಿಯದು ಬೇರೆ ರೀತಿಯ ಉರಿಯೂತ ಇರಬಹುದು. ಎನ್‌ಎಂಒ ಅನ್ನುವ, ಮೈಯ ರಕ್ಷಣೆಯೇ ನರದ ಮೇಲೆ ತಿರುಗಿಬೀಳುವ ಗುಂಪಿನದಾದರೆ ಒಂದು ದಿನವೂ ತಡ ಮಾಡಬಾರದು, ಅದೂ ನಿಜ. ಆದರೆ 1992ರ ಅಮೆರಿಕದ ದೊಡ್ಡ ಪ್ರಯೋಗ ಹೇಳಿದ್ದು ಕೇಳಿ: ಕಣ್ಣಿನ ನರದ ಮಾಮೂಲಿ ಉರಿಯೂತಕ್ಕೆ, ಅಂದರೆ ಆಪ್ಟಿಕ್ ನ್ಯೂರೈಟಿಸ್‌ಗೆ ಡ್ರಿಪ್ ಹಾಕಿದರೆ ದೃಷ್ಟಿ ಬೇಗ ಮರಳುತ್ತದೆ ಅಷ್ಟೇ. ಮಾಮೂಲಿ ಪ್ರಮಾಣದ ಮಾತ್ರೆ ಮಾತ್ರ ಕೊಟ್ಟವರಲ್ಲಿ ರೋಗ ಮರುಕಳಿಸುವುದು ಜಾಸ್ತಿ ಆಯಿತು. ಮೆಡಿಕಲ್ ಶಾಪಿನಿಂದ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ತಂದು ನುಂಗುವವರಿಗೆ ಇದು ಗೊತ್ತಿರಲಿ.

ಹೊಸನಗರದ ತೋಟದವ · ಅಕ್ಟೋಬರ್ 19, ಸಂಜೆ 4.30

ಬಾರ್ಟೊನೆಲ್ಲಾ ಐಜಿಜಿ, ಅಂದರೆ ರಕ್ತದಲ್ಲಿನ ಪ್ರತಿಕಾಯದ ಲೆಕ್ಕ, ಬಂತು, 1:512. ಡಾಕ್ಟರ್ ಇಷ್ಟು ಇದ್ದರೆ ಇತ್ತೀಚಿನ ಸೋಂಕು ಅಂತಲೇ ಹಿಡಿಯುತ್ತೇವೆ ಅಂದರು.

ಮರಿಗಳನ್ನು ಸಂತೆಯಲ್ಲಿ ಬಿಟ್ಟು ಬಾ ಅಂತ ಅಮ್ಮ ಹಠ ಹಿಡಿದಿದ್ದಾರೆ. ತಂಗಿ ಬಿಟ್ಟರೆ ನಾನೂ ಮನೆ ಬಿಡುತ್ತೇನೆ ಅಂತಾಳೆ. ಮೇಡಂ, ತೀರ್ಪು ನಿಮ್ಮದು.

ಕಣ್ಣಿನ ಡಾಕ್ಟರಮ್ಮ · ಸಂಜೆ 5.10

ಬೆಕ್ಕು ಇರಲಿ. ಚಿಗಟಕ್ಕೆ ಪಶುವೈದ್ಯರ ಹತ್ತಿರ ಔಷಧ ಹಾಕಿಸಿ. ಪರಚಿದರೆ ಸೋಪು ಹಾಕಿ ತೊಳೆಯಿರಿ, ಗಾಯ ನೆಕ್ಕಲು ಬಿಡಬೇಡಿ. ಬೆಕ್ಕು ಬಿಟ್ಟು ಇಲಿ ಬಂದರೆ ಇಲಿ ಜ್ವರ, ಅದೂ ತಿಂಗಳುಗಳ ಮೇಲೆ ಕಣ್ಣಿಗೆ ಬರುತ್ತದೆ ಅಂತ ಅಮ್ಮನಿಗೆ ಹೇಳಿ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಬೆಕ್ಕಿನ ಪರಚಿನ ಈ ಕಾಯಿಲೆ ಎಷ್ಟೋ ಜನರಲ್ಲಿ ತಾನಾಗಿಯೇ ಇಳಿಯುತ್ತದೆ. ಮಾತ್ರೆಯಿಂದ ಎಷ್ಟು ಬೇಗ ಆಯಿತು ಅನ್ನುವುದರಲ್ಲಿ ನಮ್ಮಲ್ಲೇ ಒಮ್ಮತ ಇಲ್ಲ. ಕೋರ್ಸ್ ಮಾತ್ರ ಪೂರ್ತಿ ಮುಗಿಸಲಿ.

ಹೊಸನಗರದ ತೋಟದವ · ನವೆಂಬರ್ 20, ಮಧ್ಯಾಹ್ನ 12.40

ಸಿಹಿ ಸುದ್ದಿ! ಇವತ್ತಿನ ಓಸಿಟಿಯಲ್ಲಿ ಎಡಗಣ್ಣು 101. ಬಿಳಿ ಹೋಗಿ ಪೂರ್ತಿ ಹಸಿರು. ಬಲಗಣ್ಣಿಗಿಂತ ಎರಡು ಜಾಸ್ತಿಯೇ! ಬೋರ್ಡಿನಲ್ಲಿ 6/12 ಓದಿದಳು, ಮೊದಲ ದಿನ 6/60 ಇತ್ತು. ಎಲ್ಲರಿಗೂ ಹೋಳಿಗೆ ಊಟ ನಮ್ಮನೆಯಲ್ಲಿ.

ಸಾಗರದ ಭಾವ · ಮಧ್ಯಾಹ್ನ 12.55

ಹೋಳಿಗೆಗೆ ನಾನು ಬರುತ್ತೇನೆ. ನಂದಿಬಟ್ಟಲು ತರುವುದಿಲ್ಲ.

ಸ್ಕ್ಯಾನ್ ರೂಮಿನವನು · ಮಧ್ಯಾಹ್ನ 1.30

ದೃಷ್ಟಿ 6/12 ಆಗಿದ್ದು ನಿಜವಾದ ಖುಷಿ. ಆದರೆ ಆ 101ಕ್ಕೆ ಹೋಳಿಗೆ ಮಾಡಬೇಡಿ.

ಬೇಜಾರು ಮಾಡಿಕೊಳ್ಳಬೇಡಿ, ಹೇಳದೆ ಇದ್ದರೆ ತಪ್ಪಾಗುತ್ತದೆ. 187ರಿಂದ ಇಳಿಯುವ ಅಂಕಿ ಎಲ್ಲಿ ನಿಲ್ಲುತ್ತದೆ ಅಂತ ಇನ್ನೂ ಗೊತ್ತಿಲ್ಲ. ಒಂದು ಕಡೆ ಊತ ಇಳಿಯುತ್ತಿದೆ, ಇನ್ನೊಂದು ಕಡೆ ಸತ್ತ ಎಳೆಗಳು ಕರಗುತ್ತಿವೆ. ನೆನೆದ ಹಸಿ ಗೋಣಿ ಒಣಗುತ್ತಾ ತೂಕ ಇಳಿಯುವಾಗ ನಡುವೆ ಒಂದು ದಿನ ಸರಿಯಾದ ತೂಕವೇ ತೋರಿಸುತ್ತದೆ, ಒಳಗೆ ಎಷ್ಟು ಅಡಿಕೆ ಕೆಟ್ಟಿದೆ ಅಂತ ಪೂರ್ತಿ ಒಣಗಿದಮೇಲೇ ಗೊತ್ತಾಗುವುದು. ಬಲಗಣ್ಣಿನ ಹಾಗೆ ಕಾಣುವ ಆ ಹಸಿರು ದಾರಿ ಮಧ್ಯದ ಹಸಿರೂ ಇರಬಹುದು.

ಮ್ಯಾಕುಲಾ ಹಾಳೆಯಲ್ಲಿ ಗ್ಯಾಂಗ್ಲಿಯಾನ್ ಪದರ ಅಂತ ಇನ್ನೊಂದು ಅಂಕಿ ಇದೆ, ಜಿಸಿಎಲ್ ಅಂತ ಬರೆದಿರುತ್ತದೆ. ಅದು ಎಳೆಗಳ ಬುಡ. ಡಿಸ್ಕಿನ ಊತ ಅದನ್ನು ಅಷ್ಟಾಗಿ ಉಬ್ಬಿಸುವುದಿಲ್ಲ, ಹಾಗಾಗಿ ನಷ್ಟ ಅಲ್ಲಿ ಬೇಗ ಕಾಣುತ್ತದೆ. ಎಷ್ಟಿದೆ?

ಹೊಸನಗರದ ತೋಟದವ · ಮಧ್ಯಾಹ್ನ 1.45

ಬಲ 82. ಎಡ 71.

ಸ್ಕ್ಯಾನ್ ರೂಮಿನವನು · ಮಧ್ಯಾಹ್ನ 1.50

ಹೂಂ. ಸ್ವಲ್ಪ ಹೋಗಿದೆ. ಆ ಜಾಗದಲ್ಲಿ ನೀರು, ಕೊಬ್ಬು ಇದ್ದಿದ್ದರಿಂದ ಮೆಷಿನ್ ಗೆರೆ ತಪ್ಪಾಗಿ ಎಳೆದಿರಲೂಬಹುದು, ಚಿತ್ರವನ್ನೇ ತೆರೆದು ನೋಡಬೇಕು. ಜನವರಿಯಲ್ಲಿ ಅದೇ ಮೆಷಿನ್ನಿನಲ್ಲೇ ಮಾಡಿಸಿ. ಬೇರೆ ಕಂಪನಿಯ ಮೆಷಿನ್ನಿನ ಅಂಕಿಯ ಜೊತೆ ಹೋಲಿಸಿದರೆ ಉಪಯೋಗ ಇಲ್ಲ, ಒಂದೊಂದರ ಅಳತೆ ಒಂದೊಂದು ಥರ.

ಕೊಪ್ಪದ ಅಕ್ಕ · ಮಧ್ಯಾಹ್ನ 2.20

ಹೋಳಿಗೆ ಮಾಡಿ, ಪರವಾಗಿಲ್ಲ. 6/12ಕ್ಕೆ ಮಾಡಿ.

ಹೊಸನಗರದ ತೋಟದವ · ಜನವರಿ 8, ರಾತ್ರಿ 8.10

ಕೊಯ್ಲಿನ ಗಡಿಬಿಡಿ, ತಡವಾಯಿತು. ಸ್ಕ್ಯಾನ್ ಸರ್ ಹೇಳಿದ ಹಾಗೇ ಆಯಿತು. ಎಡಗಣ್ಣು ಈಗ 84, ಒಂದು ಮೂಲೆ ಹಳದಿ. ಜಿಸಿಎಲ್ 70ರಲ್ಲಿ ನಿಂತಿದೆ. ಡಾಕ್ಟರ್ ಇದಕ್ಕಿಂತ ಜಾಸ್ತಿ ಇಳಿಯಲಿಕ್ಕಿಲ್ಲ, ಆರು ತಿಂಗಳಿಗೆ ಬನ್ನಿ ಅಂದರು. ನಕ್ಷತ್ರ ಮಸುಕಾಗಿದೆ, ಎರಡು ಮೂರು ಚುಕ್ಕೆ ಉಳಿದಿವೆ. ಬೋರ್ಡಿನಲ್ಲಿ 6/9 ಓದುತ್ತಾಳೆ.

ನವೆಂಬರಿನಲ್ಲಿ ನೀವು ಹೇಳಿರದಿದ್ದರೆ ಇವತ್ತು ಆ 84 ನೋಡಿ ಔಷಧ ಕೈಕೊಟ್ಟಿತು ಅಂತ ನಾನು ಡಾಕ್ಟರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದೆ.

ಕಣ್ಣಿನ ಡಾಕ್ಟರಮ್ಮ · ರಾತ್ರಿ 8.40

6/9 ಚೆನ್ನಾಗಿದೆ. ಕೆಂಪು ಮುಚ್ಚಳ ಈಗ ಹೇಗೆ ಕಾಣುತ್ತದಂತೆ?

ಹೊಸನಗರದ ತೋಟದವ · ರಾತ್ರಿ 9.00

ಕೇಳಿದೆ. ಮುಚ್ಚಳ ಬೇಡ ಅಂತ ಕಣದಲ್ಲಿ ಹರವಿದ ಹಣ್ಣಡಿಕೆಯನ್ನೇ ನೋಡಿದಳು. ಬಲಗಣ್ಣಿಗೆ ಇವತ್ತು ಕೊಯ್ದದ್ದು, ಎಡಗಣ್ಣಿಗೆ ಮೊನ್ನೆ ಕೊಯ್ದದ್ದು ಅಂತಾಳೆ. ಬೆಕ್ಕು ಅದರ ಮೇಲೇ ಮಲಗಿತ್ತು.